ಮೆಲ್ಲಗೆ ಊದಿದ ಹೆಂಗಸರು

ಮೂರನೆಯ ಹೆಂಗಸು ಊದಿ ಮುಗಿಸುವ ಹೊತ್ತಿಗೇ ಭ್ರಮರಾಂಬಳ ಮೈ ಉರಿಯತೊಡಗಿತ್ತು. ಊದುವುದು ಅಂದರೆ ಅದಕ್ಕೊಂದು ರೀತಿಯಿದೆ. ಮೂಗಿಗೆ ಕ್ಲಿಪ್ಪು ಹಾಕಿಕೊಂಡು, ಎದೆ ತುಂಬ ಗಾಳಿ ಎಳೆದು, ಕೊಳವೆಯನ್ನು ತುಟಿಯಲ್ಲಿ ಬಿಗಿಹಿಡಿದು, ಒಳಗಿದ್ದದ್ದನ್ನೆಲ್ಲ ಒಂದೇ ಏಟಿಗೆ ಹೊರಗೆ ತಳ್ಳಬೇಕು. ಹಾಗೆ ತಳ್ಳಿದರೆ ಯಂತ್ರದ ಪರದೆಯ ಮೇಲೆ ಗೆರೆ ನೆಟ್ಟಗೆ ಎದ್ದು, ಚೂಪಾಗಿ ನಿಂತು, ಆಮೇಲೆ ಇಳಿಯುತ್ತದೆ. ಈ ಮೂವರ ಗೆರೆಯೂ ಮಗುಚಿಟ್ಟ ಬೋಗುಣಿಯ ಹಾಗೆ ದುಂಡಗೆ ಎದ್ದು ದುಂಡಗೆ ಮಲಗಿತ್ತು. ಬಿಸಿ ಹಾಲಿನ ಲೋಟಕ್ಕೆ ಊದುವವರೂ ಇದಕ್ಕಿಂತ ಜೋರಾಗಿ ಊದುತ್ತಾರೆ.

ಇವರೆಲ್ಲ ಗುಂಟೂರಿನ ಮಾರುಕಟ್ಟೆ ಯಾರ್ಡಿನ ಕೋಲ್ಡ್ ಸ್ಟೋರೇಜುಗಳಲ್ಲಿ ಮೆಣಸಿನಕಾಯಿಯ ತೊಟ್ಟು ಕೀಳುವ ಹೆಂಗಸರು. ವರ್ಷಗಟ್ಟಲೆ ರಾಶಿಯ ಸುತ್ತ ಕೂತು, ಘಾಟು ಕುಡಿದು, ಉಬ್ಬಸ ಹತ್ತಿಸಿಕೊಂಡವರು. ಹೊಸದೊಂದು ಮದ್ದು ಈ ಉಬ್ಬಸವನ್ನು ಹಿಡಿತದಲ್ಲಿಡುತ್ತದೋ ಇಲ್ಲವೋ ನೋಡಲು ಮುಂಬೈಯ ಒಂದು ಕಂಪನಿ ಡಾಕ್ಟರ್ ಶೇಷಸಾಯಿಯವರ ಆಸ್ಪತ್ರೆಯಲ್ಲಿ ಪ್ರಯೋಗ ನಡೆಸಿತ್ತು. ಎಲ್ಲರಿಗೂ ಒಂದೇ ಥರದ ಬಿಳಿ ಪಂಪು. ಅರ್ಧ ಜನರದ್ದರಲ್ಲಿ ಮದ್ದು, ಉಳಿದರ್ಧ ಜನರದ್ದರಲ್ಲಿ ಬರೀ ಸಕ್ಕರೆಯಂಥ ಪುಡಿ. ಯಾರದ್ದರಲ್ಲಿ ಏನಿದೆ ಎಂಬುದು ಎಳೆಯುವ ಹೆಂಗಸರಿಗೂ ಗೊತ್ತಿಲ್ಲ, ಡಾಕ್ಟರಿಗೂ ಗೊತ್ತಿಲ್ಲ, ಊದಿಸುವ ನರ್ಸು ಭ್ರಮರಾಂಬಳಿಗೂ ಗೊತ್ತಿಲ್ಲ. ತೀರ ಉಸಿರುಕಟ್ಟಿದಾಗ ಎಳೆಯಲು ಎಲ್ಲರಿಗೂ ಮಾಮೂಲಿ ನೀಲಿ ಪಂಪು ಬೇರೆ ಇತ್ತು. ತಿಂಗಳಿಗೊಮ್ಮೆ ಬಂದು ಊದಿ ಹೋಗಬೇಕು. ಇವತ್ತಿನದು ಕೊನೆಯ ಸಲ. ಇವತ್ತು ಬರುವ ಅಂಕಿಯ ಮೇಲೆ ಮದ್ದು ಗೆದ್ದಿತೋ ಸೋತಿತೋ ತೀರ್ಮಾನವಾಗುತ್ತದೆ.

ಮದ್ದು ಕೆಲಸ ಮಾಡುತ್ತಿದೆ ಎಂಬುದನ್ನು ಭ್ರಮರಾಂಬ ಯಂತ್ರದಲ್ಲಿ ನೋಡುವ ಮೊದಲೇ ಆಸ್ಪತ್ರೆಯ ಮೆಟ್ಟಿಲ ಮೇಲೆ ನೋಡಿದ್ದಳು. ಮೊದಮೊದಲು ಅರ್ಧಕ್ಕೇ ಕಂಬಿ ಹಿಡಿದು ನಿಂತು, ಸೆರಗಿನಿಂದ ಮುಖ ಒರೆಸಿಕೊಂಡು, ಮೇಲೆ ನೋಡುತ್ತ ನಿಟ್ಟುಸಿರು ಬಿಡುತ್ತಿದ್ದವರು ಈಚೆಗೆ ಯಾರದೋ ಸೊಸೆಯನ್ನು ಬೈದುಕೊಳ್ಳುತ್ತ ಒಂದೇ ಸಮ ಹತ್ತಿ ಬರುತ್ತಿದ್ದರು. ಗುಣ ಕಾಣದವರೂ ಇದ್ದರು. ಅವರು ಹಿಂದಿನಿಂದ ಸದ್ದಿಲ್ಲದೆ ಬಂದು ಬೆಂಚಿನ ತುದಿಯಲ್ಲಿ ಕೂರುತ್ತಿದ್ದರು, ಅವರನ್ನು ಯಾರೂ ಅಷ್ಟಾಗಿ ಗಮನಿಸಿದವರಲ್ಲ. ಭ್ರಮರಾಂಬಳ ತಾಯಿ ಇದೇ ರಾಶಿಯ ಸುತ್ತ ಕೂತು ಇದೇ ಗೂರಲಿನಲ್ಲಿ ಸತ್ತವಳು. ಹತ್ತಿ ಬರುವವರ ಸದ್ದು ಕೇಳಿದಾಗೆಲ್ಲ ಇವಳಿಗೆ ಖುಷಿಯೂ ಆಗುತ್ತಿತ್ತು, ಅವ್ವನ ಕಾಲಕ್ಕೆ ಇದೆಲ್ಲಿ ಸತ್ತಿತ್ತು ಎಂದು ಸಿಟ್ಟೂ ಬರುತ್ತಿತ್ತು.

ನಾಲ್ಕನೆಯವಳಾಗಿ ಆದೆಮ್ಮ ಬಂದು ಕೂತಳು. ತೊಟ್ಟು ಕೀಳುವ ಗುಂಪಿಗೆ ಮೇಸ್ತ್ರಿ ಅವಳು, ಭ್ರಮರಾಂಬಳನ್ನು ರಾಶಿಯ ಪಕ್ಕ ಗೋಣಿಯ ಮೇಲೆ ಮಲಗಿಸಿದ್ದ ಕಾಲದಿಂದ ಬಲ್ಲವಳು. ಗಂಟಲು ಎತ್ತಿದರೆ ಯಾರ್ಡಿನ ಆಚೆ ತುದಿಗೆ ಕೇಳುತ್ತದೆ. ಆ ಗಂಟಲಿನವಳು ಕಣ್ಣು ಮುಚ್ಚಿ, ದೇವರ ಮುಂದಿನ ದೀಪ ಆರಿಸುವುದಕ್ಕೆ ಹೆದರುವವಳ ಹಾಗೆ ಫೂ ಎಂದಳು. ಮತ್ತೊಂದು ಬೋಗುಣಿ.

ಅವಳಾದ ಮೇಲೆ ರಾವಮ್ಮ. ಸಣ್ಣ ಪ್ರಾಯದವಳು, ಕೈಕಾಲು ಕಡ್ಡಿ. ಅವಳ ಅಂಕಿಯೂ ಕೆಳಗೇ ಬಿತ್ತು. ಅಷ್ಟು ಹೊತ್ತಿಗೆ ಭ್ರಮರಾಂಬಳ ತಾಳ್ಮೆ ಪೂರ್ತಿ ಕೆಟ್ಟಿತ್ತು.

"ನೀನೂ ಶುರು ಹಚ್ಕೊಂಡ್ಯಾ? ಊದೇ ಸರಿಯಾಗಿ."

"ಬರ್ತಿಲ್ಲ ಸಿಸ್ಟರಮ್ಮ."

"ಬರ್ತಿಲ್ವಂತೆ. ಯಾರಿಗೆ ಹೇಳ್ತೀಯ ಈ ಕಥೆ? ಅವರೆಲ್ಲ ನಾಟಕ ಆಡ್ತಾರೆ ಅಂತ ನೀನೂ ಬಣ್ಣ ಬಳ್ಕೊಂಡು ಬಂದ್ಯಾ? ಎದ್ದೇಳು. ಎದ್ದು ಹೊರಗೆ ಹೋಗು. ಮುಖ ತೋರಿಸಬೇಡ ನನಗೆ."

ರಾವಮ್ಮ ಮೂಗಿನ ಕ್ಲಿಪ್ಪು ತೆಗೆದಿಟ್ಟು ಎದ್ದು ಹೋದಳು. ಅವಳ ಅಂಕಿ ಎಂದೂ ನೆಟ್ಟಗೆ ಏರಿದ್ದಿಲ್ಲ, ಯಾರ್ಡಿಗೆ ರಜೆ ಇದ್ದ ತಿಂಗಳು ಮಾತ್ರ ಸ್ವಲ್ಪ ಮೇಲೆದ್ದು ಮತ್ತೆ ಕೂತಿತ್ತು. ಹಿಂದಿನದನ್ನೆಲ್ಲ ತೆರೆದು ನೋಡಿದ್ದರೆ ಗೊತ್ತಾಗುತ್ತಿತ್ತು. ಆದರೆ ಕೋಪ ಬಂದಾಗ ಅದನ್ನೆಲ್ಲ ನೋಡುತ್ತ ಕೂರುವ ಪೈಕಿಯಲ್ಲ ಭ್ರಮರಾಂಬ. ಯಂತ್ರ ಆರಿಸಿ, ಬಾಗಿಲು ದಢಾರನೆ ತಳ್ಳಿ, ಹೆಂಗಸರೆಲ್ಲ ಕಾಯುತ್ತಿದ್ದ ವರಾಂಡಕ್ಕೆ ಬಂದಳು.

"ಯಾರು ಹೇಳ್ಕೊಟ್ಟಿದ್ದು ಇದನ್ನ?"

ಮಸ್ತಾನ್‌ಬಿ ಮೇಲೆ ತಿರುಗುವ ಫ್ಯಾನನ್ನು ಹೊಸದಾಗಿ ಕಂಡವಳಂತೆ ನೋಡತೊಡಗಿದಳು. ಉಳಿದವರು ಟಿಫಿನ್ ಡಬ್ಬಿಯ ಮುಚ್ಚಳ ತಿರುಗಿಸುತ್ತ ಕೂತರು. ಆದೆಮ್ಮನೇ ಬಾಯಿ ಬಿಟ್ಟಳು.

"ಯಾರ್ಯಾಕೆ ಹೇಳ್ಕೊಡ್ಬೇಕು? ನಮಗೇನು ಬುದ್ಧಿ ಇಲ್ವಾ?"

"ನಿನ್ನ ಬುದ್ಧಿಗಿಷ್ಟು ಬೆಂಕಿ ಹಾಕ. ಕುದುರೆ ಥರ ಮೆಟ್ಟಿಲು ಹತ್ತಿ ಬಂದ್ಯಲ್ಲಕ್ಕ, ಕೊಳವೆ ಬಾಯಿಗಿಟ್ಟ ತಕ್ಷಣ ಹಾಸಿಗೆ ಹಿಡಿದವಳಾಗಿಬಿಟ್ಯಾ?"

"ಆದೆ. ಏನೀಗ?"

"ಯಾಕೆ ಅಂತ ಕೇಳ್ತಿದೀನಿ."

"ನಿಮ್ಮ ಭಾವನ ಪಿಂಚಣಿ ಹೋಗಿದ್ದು ಹ್ಯಾಗೆ? ಮರೆತ್ಯಾ?"

ಮರೆಯುವಂಥದ್ದಲ್ಲ ಅದು. ಚೀಲಗಳ ಅಟ್ಟಿ ಕುಸಿದು ಆದೆಮ್ಮನ ಗಂಡನ ಕಾಲು ಜಜ್ಜಿಹೋಗಿತ್ತು. ಪಿಂಚಣಿಯೇನೋ ಬಂತು. ಮರುವರ್ಷ ತಪಾಸಣೆಯ ಕ್ಯಾಂಪಿನಲ್ಲಿ ಅಧಿಕಾರಿ ಹೆಸರು ಕೂಗಿದ. ದೊಡ್ಡವರ ಮುಂದೆ ಕೂತಿರಬಾರದು ಎಂದು ಆ ಮುಠ್ಠಾಳ ಮರ್ಯಾದಸ್ಥ ಕೋಲು ಬಿಟ್ಟು, ಹಲ್ಲು ಕಚ್ಚಿ, ನಾಲ್ಕು ಹೆಜ್ಜೆ ನೆಟ್ಟಗೆ ನಡೆದು ಹೋಗಿ ಕೈಮುಗಿದ. ಅಲ್ಲಿಗೆ ಮುಗಿಯಿತು, ಕಾಲು ಸರಿಯಿದೆ ಎಂದು ಪಿಂಚಣಿ ನಿಂತಿತು. ಅಂದಿನಿಂದ ಇಡೀ ಗುಂಪು ಪಾಠ ಕಲಿತಿತ್ತು. ಕೊಡುವವನು ಎದುರಿಗೆ ಬಂದರೆ ಕುಂಟಬೇಕು, ಕೆಮ್ಮಬೇಕು, ಕಣ್ಣು ಮಂಜು ಎನ್ನಬೇಕು.

"ಗುಣ ಆಯ್ತು ಅಂದ್ರೆ ನಿಲ್ಲಿಸ್ತಾರೆ. ಇನ್ನೂ ಇದೆ ಅಂದ್ರೆ ಕೊಡ್ತಾರೆ," ಎಂದಳು ಆದೆಮ್ಮ. "ಇವತ್ತು ಕೊನೇದು ಅಂದ್ರಿ. ಅದಕ್ಕೆ ಎಲ್ರೂ ಮೆಲ್ಲಗೆ ಊದ್ರೇ ಅಂತ ನಾನೇ ಹೇಳ್ದೆ. ಆ ಬಿಳಿ ಪಂಪು ಹೋದ್ರೆ ನಾನು ಮತ್ತೆ ಗೋಡೆಗೆ ಒರಗಿ ನಿದ್ದೆ ಮಾಡ್ಬೇಕು ಕಣೇ. ಮಲಗಿ ನಿದ್ದೆ ಮಾಡೋದು ಹ್ಯಾಗಿರುತ್ತೆ ಅಂತ ಈಗ ರುಚಿ ಹತ್ತಿದೆ ನನಗೆ."

"ಇದು ಪಿಂಚಣಿ ಅಲ್ಲಕ್ಕ." ಭ್ರಮರಾಂಬ ಹಣೆ ಚಚ್ಚಿಕೊಂಡಳು. "ನೀವು ಹೀಗೆ ಊದಿದ್ರೆ ಮದ್ದೇ ಕೆಟ್ಟದ್ದು ಅಂತ ಬರೀತಾರೆ. ಎತ್ತಿ ಚರಂಡಿಗೆ ಎಸೀತಾರೆ. ಆಮೇಲೆ ನಿನಗೂ ಇಲ್ಲ, ನಿನ್ನ ಮಗಳಿಗೂ ಇಲ್ಲ, ಊರಲ್ಲಿ ಗೂರೋ ಯಾರಿಗೂ ಇಲ್ಲ. ನಿಮ್ಮ ಕೈಯಾರೆ ಅದರ ಕತ್ತು ಹಿಸುಕ್ತಿದೀರ ಗೊತ್ತಾ?"

ಆದೆಮ್ಮ ಡಬ್ಬಿ ಪಕ್ಕಕ್ಕಿಟ್ಟಳು. "ಸರಿ ಬಿಡು. ಜೋರಾಗಿ ಊದ್ತೀನಿ. ನಾಳೆಯಿಂದ ಪಂಪು ಕೊಡ್ತೀರಾ?"

ಭ್ರಮರಾಂಬ ಯಂತ್ರದ ಕೋಣೆಯ ಬಾಗಿಲ ಕಡೆ ತಿರುಗಿದಳು.

"ಕೊಡ್ತೀರಾ ಅಂತ ಕೇಳ್ದೆ."

"ಇಲ್ಲ. ಪ್ರಯೋಗ ಮುಗೀತಲ್ಲ. ವಾಪಸ್ ತಗೋತಾರೆ."

"ಜೋರಾಗಿ ಊದಿದ್ರೂ ಇಲ್ಲ, ಮೆಲ್ಲಗೆ ಊದಿದ್ರೂ ಇಲ್ಲ. ಮತ್ತೆ ಯಾವ ಸುಖಕ್ಕೆ ನನ್ನನ್ನ ಬೈತಿದ್ದೀಯ ಇಷ್ಟು ಹೊತ್ತು?"

ಶುರುವಿನಲ್ಲಿ, ಹೆಬ್ಬೆಟ್ಟು ಒತ್ತುವ ದಿನವೇ, ಇದೇ ಆದೆಮ್ಮ ಡಾಕ್ಟರನ್ನು ಕೇಳಿದ್ದಳು, ಮುಗಿದ ಮೇಲೆ ನಮಗೇನು ಎಂದು. ಆಮೇಲೆ ನೋಡೋಣ ತಾಯಿ ಎಂದಿದ್ದರು ಡಾಕ್ಟರು. ಆಮೇಲೆ ನೋಡೋಣ ಅಂದರೆ ನೋಡುವುದಿಲ್ಲ ಎಂದೇ ಅರ್ಥ. ಹೇಳಿದವರಿಗೂ ಅದು ಗೊತ್ತಿತ್ತು, ಪಕ್ಕದಲ್ಲಿ ನಿಂತಿದ್ದ ಭ್ರಮರಾಂಬಳಿಗೂ ಗೊತ್ತಿತ್ತು. ಹೆಂಗಸರ ಮೇಲೆ ಹಾರಿದ್ದ ಸಿಟ್ಟು ಅವಳಲ್ಲಿ ಒಂದು ಸುತ್ತು ತಿರುಗಿ ನಿಂತಿತು. ಹಾಗೇ ಡಾಕ್ಟರ ಕೋಣೆಗೆ ನುಗ್ಗಿದಳು.

ಡಾಕ್ಟರ್ ಶೇಷಸಾಯಿ ಪೆಸರಟ್ಟು ತಿನ್ನುತ್ತಿದ್ದರು. ಕೆಟ್ಟ ಮನುಷ್ಯರಲ್ಲ ಅವರು. ಕೆಟ್ಟವರಾಗಿದ್ದರೆ ಜಗಳ ಸುಲಭವಿತ್ತು. ಹೆಂಗಸರನ್ನು ಏಕವಚನದಲ್ಲಿ ಕರೆದವರಲ್ಲ, ಉಸಿರುಕಟ್ಟಿ ಬಂದವರನ್ನು ಬಾಗಿಲಲ್ಲಿ ಕಾಯಿಸಿದವರಲ್ಲ. ಭ್ರಮರಾಂಬ ಅವರ ಮೇಜಿನ ಪರದೆಯಲ್ಲಿ ತೆರೆದು ತೋರಿಸಿದ ಗೆರೆಗಳನ್ನು ನೋಡಿದ ಮೇಲೆ ಮಾತ್ರ ಅವರ ಕೈಯ ತುತ್ತು ಕೈಯಲ್ಲೇ ಉಳಿಯಿತು.

"ಇದ್ಯಾವುದೂ ಲೆಕ್ಕಕ್ಕೆ ಬರಲ್ಲಮ್ಮ. ಮುಂಬೈಯವರು ಒಂದೇ ಮಾತಿಗೆ ತಿರಸ್ಕರಿಸ್ತಾರೆ. ನಮ್ಮ ಆಸ್ಪತ್ರೆಯ ಇಡೀ ಕೆಲಸ ನೀರುಪಾಲು."

"ಮತ್ತೆ ಊದ್ತಾರೆ ಸಾರ್. ಆದ್ರೆ ಮದ್ದು ಮುಂದೆ ಸಿಗುತ್ತಾ ಅಂತ ಕೇಳ್ತಿದಾರೆ."

"ಸಿಗುತ್ತೆ ಅಂತ ಹೇಳಿ. ಮೊದಲು ಊದಲಿ."

"ಸಿಗುತ್ತಾ?"

"ಆಮೇಲೆ ನೋಡೋಣ."

"ಆ ಮಾತು ಒಂದ್ಸಲ ಕೇಳಿ ಸುಮ್ಮನಿದ್ದೆ ಸಾರ್. ಇನ್ನೊಂದ್ಸಲ ನನ್ನ ಬಾಯಲ್ಲಿ ಹೇಳಿಸಬೇಡಿ. ಹೇಳೋದಿದ್ರೆ ನೀವೇ ಎದ್ದು ಬನ್ನಿ." ಅವಳು ಬಾಗಿಲನ್ನು ಪೂರ್ತಿ ತೆರೆದು ಹಿಡಿದಳು. "ಅವರ ಉಸಿರು ಅಳೆದು ಅಳೆದು ಪೆಟ್ಟಿಗೆ ತುಂಬ್ಕೊಂಡಿರಿ. ಮುಗೀತು, ಪಂಪು ಇಟ್ಟು ಮನೆಗೆ ಹೋಗಿ ಅಂತೀರಿ. ಪ್ರಯೋಗಕ್ಕೆ ತಂದ ಇಲಿಯಾ ಅವರು?"

ಇಷ್ಟು ವರ್ಷದಲ್ಲಿ ಅವಳು ಅವರೆದುರು ಹಾಗೆ ಮಾತಾಡಿರಲಿಲ್ಲ. ಡಾಕ್ಟರು ಕೈ ತೊಳೆದು, ಕೋಟು ಹಾಕಿಕೊಂಡು, ಅವಳ ಹಿಂದೆ ವರಾಂಡಕ್ಕೆ ಬಂದರು.

ಅಷ್ಟರಲ್ಲಿ ಹೆಂಗಸರು ಬೆಂಚುಗಳನ್ನು ಬಿಟ್ಟು ನೆಲದ ಮೇಲೆ ದುಂಡಗೆ ಕೂತಿದ್ದರು, ರಾಶಿಯ ಸುತ್ತ ಕೂರುವ ಹಾಗೇ, ಮಧ್ಯೆ ರಾಶಿ ಮಾತ್ರ ಇರಲಿಲ್ಲ. ಆದೆಮ್ಮ ಎದ್ದು ನಿಲ್ಲದೆ ಡಾಕ್ಟರ ಜೊತೆ ಮಾತಿಗಿಳಿದಳು.

"ಯಾರ್ಡಲ್ಲಿ ನಮ್ಮದೊಂದು ಪದ್ಧತಿ ಇದೆ ಸಾರ್. ಚೀಲದ ಬಾಯಿ ಬಿಚ್ಚೋ ಮುಂಚೆ ಕೂಲಿ ಮಾತಾಡ್ಬೇಕು. ಬಿಚ್ಚಿದ ಮೇಲೆ ಕೇಳಿದ್ರೆ ಯಾವ ಸೇಠೂ ಕೊಡಲ್ಲ, ಕೇಳೋದು ನಮಗೂ ಮರ್ಯಾದೆಯಲ್ಲ. ಇಲ್ಲಿ ನಾವು ಮಾತೇ ಆಡದೆ ಚೀಲ ಬಿಚ್ಚಿಬಿಟ್ವಿ. ತಪ್ಪು ನಮ್ಮದೇ. ಈಗ ಮಾತಾಡಿ."

"ಇದು ಕೂಲಿ ಕೆಲಸ ಅಲ್ಲ ತಾಯಿ. ವಿಜ್ಞಾನ."

"ಇರ್ಲಿ ಬಿಡಿ, ಅದಕ್ಕೂ ಹೊಟ್ಟೆ ಇರುತ್ತಲ್ಲ. ಅದರ ಹೊಟ್ಟೆ ತುಂಬಿಸೋರು ನಾವು ತಾನೆ? ಉಸಿರು ನಮ್ಮದು. ಮಾತಾಗೋ ತನಕ ಕೊಳವೆ ಬಾಯಿಗೆ ಇಡಲ್ಲ."

"ಹಟ ಮಾಡಿದ್ರೆ ನಿಮಗೇ ನಷ್ಟ."

"ನಷ್ಟ ಆಗೋದಕ್ಕೆ ನಮ್ಮ ಹತ್ರ ಏನಿಟ್ಟಿದೀರಿ ಸಾರ್?" ಎಂದಳು ಮಸ್ತಾನ್‌ಬಿ, ಫ್ಯಾನು ನೋಡುವುದನ್ನು ಬಿಟ್ಟು. ಹೆಂಗಸರು ಕಿಸಕ್ಕನೆ ನಕ್ಕರು. ಡಬ್ಬಿಗಳು ತೆರೆದುಕೊಂಡವು. ಗೋಂಗೂರ ಚಟ್ನಿಯ ಹುಳಿವಾಸನೆ ವರಾಂಡದ ಫಿನಾಯಿಲ್ ವಾಸನೆಯ ಮೇಲೆ ಹರಡಿತು. ಡಾಕ್ಟರು ನೋಡುವಷ್ಟು ನೋಡಿ, ಫೋನು ಹಿಡಿದು ಒಳಗೆ ಹೋದರು.

ಮುಂಬೈಯವರ ಜೊತೆ ಮಾತು ಬಹಳ ಹೊತ್ತು ನಡೆಯಿತು. ಡಾಕ್ಟರು ಮೊದಲು ಬೇಡಿಕೊಂಡರು, ಆಮೇಲೆ ಇಂಗ್ಲಿಷಿನಲ್ಲಿ ಕೂಗಾಡಿದರು. ಬಾಗಿಲಾಚೆ ನಿಂತ ಭ್ರಮರಾಂಬಳಿಗೆ ಮೊದಲ ಸಲ ಅವರ ಮೇಲೆ ಗೌರವ ಉಕ್ಕಿತು. ಒಂದು ಆಸ್ಪತ್ರೆಯ ಅಂಕಿಗಳೆಲ್ಲ ಹಾಳಾದರೆ ಕಂಪನಿಗೂ ಏಟೇ. ಮಧ್ಯಾಹ್ನ ಕಳೆದ ಮೇಲೆ ಡಾಕ್ಟರು ಬೆವರು ಒರೆಸಿಕೊಳ್ಳುತ್ತ ಹೊರಗೆ ಬಂದರು.

"ಒಪ್ಪಿದಾರೆ. ಗುಣ ಕಂಡವರಿಗೆ ಒಂದು ವರ್ಷ ಮದ್ದು ಕೊಡ್ತಾರೆ."

"ವರ್ಷ ಆದ್ಮೇಲೆ ನಮ್ಮ ಎದೆ ಏನು ಹೊಸದಾಗಿಬಿಡುತ್ತಾ?" ಎಂದಳು ಆದೆಮ್ಮ. "ಅಂಗಡೀಲಿ ಬರೋ ತನಕ ಕೊಡ್ಲಿ. ಬಂದ್ಮೇಲೆ ಸರ್ಕಾರಿ ಆಸ್ಪತ್ರೇಲಿ ಜಗಳ ಮಾಡ್ತೀವಿ."

ಡಾಕ್ಟರು ಮತ್ತೆ ಒಳಗೆ ಹೋದರು, ಮತ್ತೆ ಬಂದರು. ಅದಕ್ಕೂ ಒಪ್ಪಿಗೆಯಾಗಿತ್ತು. ಬೇಕಾದರೆ ಸಹಿ ಮಾಡಿ ಕಳಿಸುತ್ತಾರಂತೆ. ಆದೆಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಎದ್ದಳು.

"ಮಾತಾಯ್ತು. ಏಳ್ರೇ. ಇನ್ನು ಯಾರಾದ್ರೂ ಕಳ್ಳ ಊದು ಊದಿದ್ರೆ ನಾನೇ ಬೆನ್ನಿಗೆ ಗುದ್ದುತೀನಿ."

ಭ್ರಮರಾಂಬ ಓಡಿಹೋಗಿ ಯಂತ್ರ ಹಚ್ಚಿದಳು. ಗುಣ ಕಂಡವರಿಗೆ ಎಂದು ಡಾಕ್ಟರು ಹೇಳಿದ ಮಾತನ್ನು ಅವಳು ತಡೆದು ಕೇಳಬೇಕಿತ್ತು. ಗೆದ್ದ ಅಮಲಿನಲ್ಲಿ ಕೇಳಲಿಲ್ಲ. ಆದೆಮ್ಮನೂ ಕೇಳಲಿಲ್ಲ, ಅವಳಿಗೆ ಅದು ಕೇಳುವ ವಿಷಯವೇ ಆಗಿರಲಿಲ್ಲ. ಯಾರ್ಡಿನಲ್ಲಿ ಕೂಲಿ ಒಮ್ಮೆ ಮಾತಾಯಿತೆಂದರೆ ಅದು ಸುತ್ತ ಕೂತವರಿಗೆಲ್ಲ. ಚುರುಕು ಕೈಯವಳಿಗೂ ಅಷ್ಟೇ, ಬೆರಳು ಸೊಟ್ಟಗಾದ ಮುದುಕಿಗೂ ಅಷ್ಟೇ, ಸಂಜೆ ಎಲ್ಲವನ್ನೂ ಒಟ್ಟು ಹಾಕಿ ಸಮನಾಗಿ ಹಂಚಿಕೊಳ್ಳುತ್ತಾರೆ. ಎಲ್ಲರಿಗೂ ಎಂದು ಅಲ್ಲಿ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ.

ಊದುವುದು ಈಗ ಜಾತ್ರೆಯಂತೆ ನಡೆಯಿತು. ಮಸ್ತಾನ್‌ಬಿಯ ಗೆರೆ ಸೂಜಿಯ ಹಾಗೆ ಮೇಲೆದ್ದಿತು. "ಊದು, ಊದು, ಬಿಡಬೇಡ, ಇನ್ನೂ ಇದೆ, ಇನ್ನೂ ಇದೆ," ಎಂದು ಭ್ರಮರಾಂಬ ಗಂಟಲು ಹರಿದುಕೊಳ್ಳುತ್ತಿದ್ದಳು. ಆದೆಮ್ಮ ಊದಿದ್ದು ನೋಡಿ ಡಾಕ್ಟರೇ ಕುರ್ಚಿಯಿಂದ ಎದ್ದರು. ಪ್ರಯೋಗದ ಮೊದಲ ದಿನ ಇದೇ ಕುರ್ಚಿಯಲ್ಲಿ ಅರ್ಧಕ್ಕೇ ಕೆಮ್ಮಿ ಕೊಳವೆ ಬಿಟ್ಟವಳು ಅವಳು. ಈಗ ಮೂಗಿನ ಕ್ಲಿಪ್ಪು ತೆಗೆದು, "ಸಾಕಾ? ಇನ್ನೂ ಬೇಕಾ?" ಎಂದು ಕೇಳಿದಳು.

ಆಮೇಲೆ ರಾವಮ್ಮ ಬಂದಳು. ಕೊಳವೆ ಕಚ್ಚಿ, ಎರಡು ಕೈಯಲ್ಲಿ ಕುರ್ಚಿಯ ಅಂಚು ಹಿಡಿದು, ಊದಿದಳು. ಕುತ್ತಿಗೆಯ ನರ ಉಬ್ಬಿ ಬಂತು, ಕಣ್ಣಲ್ಲಿ ನೀರು ತುಂಬಿತು. ಗೆರೆ ನೆಟ್ಟಗೆ ಎದ್ದಿತು, ಚೂಪಾಗಿಯೂ ಇತ್ತು, ಆದರೆ ಮೊಳಕೆಯಷ್ಟೇ ಎತ್ತರ. ಅಲ್ಲಿಂದ ಕುಸಿಯಿತು. ಅಂಕಿ ಬೆಳಿಗ್ಗೆ ಬಂದಷ್ಟೇ.

"ಇನ್ನೊಂದ್ಸಲ ಊದ್ತೀನಿ ಸಿಸ್ಟರಮ್ಮ."

ಊದಿದಳು. ಅಷ್ಟೇ. ಮೂರನೆಯ ಸಲವೂ ಅಷ್ಟೇ, ಈ ಸಲ ಕೊನೆಯಲ್ಲಿ ಎದೆಯಿಂದ ಸಿಳ್ಳೆಯ ಸದ್ದು ಬಂದು ಅವಳು ಕೈಯಾಡಿಸಿ ನೀಲಿ ಪಂಪು ಹುಡುಕಿಕೊಂಡಳು. ಭ್ರಮರಾಂಬ ಬೆಳಗಿನ ಗೆರೆಯನ್ನು ಮತ್ತೆ ತೆರೆದಳು. ಅದೂ ಇಂಥದೇ ಚೂಪು ಗೆರೆ. ಬೋಗುಣಿಯಲ್ಲ. ಈ ಹುಡುಗಿ ಬೆಳಿಗ್ಗೆಯೂ ಇದ್ದಬದ್ದ ಉಸಿರನ್ನೆಲ್ಲ ಹಾಕಿಯೇ ಊದಿದ್ದಳು.

"ಆದೆಮ್ಮಕ್ಕ ಮೆಲ್ಲಗೆ ಅಂದ್ರು," ಎಂದಳು ರಾವಮ್ಮ, ಮಾತಿನ ನಡುವೆ ಗಾಳಿ ಎಳೆಯುತ್ತ. "ಮೆಲ್ಲಗೆ ಊದೋದಕ್ಕೂ ಒಳಗೆ ಇರಬೇಕಲ್ಲ ಸಿಸ್ಟರಮ್ಮ. ಇರೋದೇ ಇಷ್ಟು ನನಗೆ. ಬೆಳಿಗ್ಗೆ ಹೇಳ್ದೆ, ನೀವು ನಂಬಲಿಲ್ಲ."

ಭ್ರಮರಾಂಬಳಿಗೆ ತನ್ನ ನಾಲಿಗೆಯನ್ನೇ ಕಿತ್ತುಕೊಳ್ಳಬೇಕೆನಿಸಿತು. "ತಪ್ಪಾಯ್ತು ಕಣೇ," ಎಂದಳು. ಅಷ್ಟು ಸಾಲದೆಂದು ಅವಳಿಗೇ ಗೊತ್ತಿತ್ತು.

ರಾವಮ್ಮನ ಹಿಂದೆ ಊದಿದವರಲ್ಲೂ ಒಬ್ಬ ಮುದುಕಿಯೂ ಸೇರಿ ಐದಾರು ಜನರ ಗತಿ ಅದೇ ಆಯಿತು. ಅವರೆಲ್ಲ ಬೆಂಚಿನ ತುದಿಯವರು. ಎಲ್ಲ ಮುಗಿದ ಮೇಲೆ ಡಾಕ್ಟರು ಅವರನ್ನು ಒಂದು ಕಡೆ ಕೂರಿಸಿ ಮೃದುವಾಗಿಯೇ ಹೇಳಿದರು. "ನಿಮಗೆ ಗುಣ ಕಂಡಿಲ್ಲ. ನೀವು ಆ ನೀಲಿ ಪಂಪೇ ಮುಂದುವರಿಸಿ. ಹೊಸದು ಉಳಿದವರಿಗೆ."

ಆದೆಮ್ಮ ತಿರುಗಿ ನಿಂತಳು. "ಅದ್ಹೇಗೆ ಸಾರ್? ಮಾತಾಗಿದ್ದು ಗುಂಪಿಗೆ."

"ಗುಣ ಕಂಡವರಿಗೆ ಅಂತ ನಾನು ಹೇಳಿದ್ದೆನಲ್ಲ ತಾಯಿ. ಮುಂಬೈಯವರು ಒಪ್ಪಿದ್ದೂ ಅಷ್ಟಕ್ಕೇ."

"ಅರ್ಧ ಜನರ ಪಂಪಲ್ಲಿ ಬರೀ ಪುಡಿ ಅಂತ ನೀವೇ ಹೇಳಿದ್ರಿ. ಇವಳಿಗೆ ಸಿಕ್ಕಿದ್ದು ಪುಡಿ. ಮದ್ದೇ ಕೊಡದೆ ಗುಣ ಎಲ್ಲಿಂದ ಕಾಣ್ಬೇಕು ಸಾರ್? ಇಷ್ಟು ದಿನ ಸಕ್ಕರೆ ಎಳ್ಕೊಂಡು ಗೂರಿದಾಳೆ. ಅವಳು ಗೂರಿದ್ದಕ್ಕೇ ತಾನೇ ನಮ್ಮದು ಗುಣ ಅಂತ ನಿಮಗೆ ಗೊತ್ತಾಗಿದ್ದು?"

"ಪುಡಿಯೇ ಸಿಕ್ಕಿದೆ ಅಂತ ಈಗಲೇ ಹೇಳೋಕಾಗಲ್ಲ. ಕೆಲವರಿಗೆ ಮದ್ದು ಹಿಡಿಯದೇನೂ ಇರಬಹುದು."

"ಕೊಟ್ಟು ನೋಡಿ. ಹಿಡಿಯುತ್ತೋ ಇಲ್ವೋ ಆಮೇಲೆ ಹೇಳಿ."

ಡಾಕ್ಟರು ಕೋಟಿನ ಗುಂಡಿ ಬಿಚ್ಚತೊಡಗಿದರು. ಎಲ್ಲರೂ ಊದಿಯಾಗಿತ್ತು. ಅಂಕಿಗಳು ಮುಂಬೈಗೆ ಹೋಗಿಯಾಗಿತ್ತು. ಚೀಲ ಬಿಚ್ಚಿಯಾಗಿತ್ತು, ಆದೆಮ್ಮನ ಮುಖದಲ್ಲಿ ಅದು ಅರ್ಥವಾದದ್ದು ಕಾಣಿಸಿತು. ಅವಳು ಬೈಯಲಿಲ್ಲ. ರಾವಮ್ಮನ ಹತ್ತಿರ ಹೋಗಿ ಅವಳ ಬೆನ್ನ ಮೇಲೆ ಕೈಯಿಟ್ಟಳು.

"ನನ್ನ ಪಂಪಲ್ಲಿ ಬೆಳಗಿಂದು ನಿನಗೆ, ಸಂಜೇದು ನನಗೆ. ಮಸ್ತಾನ್‌ಬಿ, ನೀನು ಆ ಮುದುಕೀನ ನೋಡ್ಕೋ. ಉಳಿದವರೂ ಒಬ್ಬೊಬ್ಬರನ್ನ ಹಿಡ್ಕೊಳ್ಳಿ."

ಹೆಂಗಸರು ಆಗಲೇ ಜೋಡಿ ಜೋಡಿಯಾಗತೊಡಗಿದ್ದರು. ಪಂಪು ಒಬ್ಬರದ್ದೊಬ್ಬರು ಮುಟ್ಟಬಾರದು ಎಂದು ತಿಂಗಳು ತಿಂಗಳೂ ಅವರ ತಲೆ ತಿಂದವಳು ಭ್ರಮರಾಂಬಳೇ. ದಿನಕ್ಕೆರಡು ಸಲ ಎಳೆದರೆ ಮಾತ್ರ ಹಿಡಿತಕ್ಕೆ ಬರುವ ಮದ್ದು ಅದು. ಒಂದೇ ಸಲ ಎಳೆದರೆ ಈ ರಾವಮ್ಮನೂ ಏಳುವುದಿಲ್ಲ, ಎದ್ದು ನಿಂತ ಈ ಆದೆಮ್ಮನೂ ಮತ್ತೆ ಗೋಡೆಗೆ ಒರಗುತ್ತಾಳೆ.

"ಅರ್ಧರ್ಧ ಮಾಡಿದ್ರೆ ಇಬ್ಬರಿಗೂ ಆಗಲ್ಲಕ್ಕ," ಎಂದಳು. "ಇಬ್ರೂ ಗೂರ್ತಾ ಕೂತಿರ್ತೀರಿ."

"ಅದನ್ನ ನನಗ್ಯಾಕೆ ಹೇಳ್ತೀಯ?" ಆದೆಮ್ಮ ಗದ್ದದಿಂದ ಡಾಕ್ಟರ ಕಡೆ ತೋರಿಸಿದಳು. "ಅವರಿಗೆ ಹೇಳು."